ಎಲೆ ಉದುರಿದ ಹೊಂಗೆಯ ಬಾಯಾರಿಕೆ

ಇಡೀ ಜಿಲ್ಲೆಯಲ್ಲಿ ಅತ್ಯಂತ ಆರೋಗ್ಯವಾಗಿರುವ ಮರ ತನ್ನ ಊರಿನದು ಎಂದು ಗೊತ್ತಾದ ದಿನ ಇಂದ್ರಾಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಾರಗೌಡನಕಟ್ಟೆಯ ಗುಂಡುತೋಪು, ಮರದ ಸಂಖ್ಯೆ ನಲವತ್ತೊಂದು, ಜಾತಿ ಹೊಂಗೆ, ಅಂಕ ನೂರಕ್ಕೆ ತೊಂಬತ್ತೇಳು. ತಾಲ್ಲೂಕಿನ ಮರಗಾವಲು ಕೇಂದ್ರದ ಪರದೆಯ ಮೇಲೆ ಆ ಸಾಲು ಹಸಿರಾಗಿ ಮಿನುಗುತ್ತಿತ್ತು. ಅವಳು ಅದನ್ನು ಮೂರು ಸಲ ಓದಿದಳು, ಫೋನಿನಲ್ಲಿ ಫೋಟೋ ಹಿಡಿದುಕೊಂಡಳು, ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಅಂಕ ಕೊಡುತ್ತಿದ್ದದ್ದು ಮನುಷ್ಯರಲ್ಲ, ಡಾಬು. ಕಾಯ್ದೆಗೆ ಒಳಪಟ್ಟ ಪ್ರತಿ ಮರದ ನಡುವಿಗೂ ಒಂದು ಲೋಹದ ಪಟ್ಟಿ ಬಿಗಿದಿದ್ದರು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ರಸಮಾಪಕ. ಊರ ಹೆಂಗಸರು ಮೊದಲ ದಿನವೇ ಅದನ್ನು ಡಾಬು ಎಂದರು. ಆಮೇಲೆ ಎಂಜಿನಿಯರುಗಳೂ ಹಾಗೇ ಅನ್ನತೊಡಗಿದರು. ಡಾಬಿನ ಒಳಮೈಯಲ್ಲಿ ಎರಡು ಸೂಜಿ, ತೊಗಟೆ ದಾಟಿ ಒಳಗೆ ಹೋಗುವಷ್ಟು ಉದ್ದ. ಕೆಳಗಿನ ಸೂಜಿ ಹತ್ತು ನಿಮಿಷಕ್ಕೊಮ್ಮೆ ತುಸು ಬೆಚ್ಚಗಾಗುತ್ತದೆ. ಮರ ನೀರೆಳೆಯುತ್ತಿದ್ದರೆ ಆ ಬಿಸುಪು ರಸದ ಜೊತೆ ಮೇಲೇರಿ ಎರಡನೆಯ ಸೂಜಿಗೆ ತಾಕುತ್ತದೆ. ಬೇಗ ತಾಕಿದರೆ ಮರ ಚೆನ್ನಾಗಿ ಕುಡಿಯುತ್ತಿದೆ, ತಡವಾದರೆ ಸೊರಗುತ್ತಿದೆ. ಎಲ್ಲಾದರೂ ಕೊಡಲಿಯೋ ಕುಡುಗೋಲೋ ಬಿದ್ದರೆ ಮರದ ಮೈಯೊಳಗಿನ ಸಣ್ಣ ವಿದ್ಯುತ್ತು ಬೆಚ್ಚಿ ಬೀಳುತ್ತದೆ. ಆ ಬೆಚ್ಚು ಕೇಂದ್ರದ ಪರದೆಯ ಮೇಲೆ ಮೊಳೆ ಹೊಡೆದ ಹಾಗೆ ಎದ್ದು ನಿಲ್ಲುತ್ತದೆ. ಕ್ಯಾಮೆರಾ ಇರಲಿಲ್ಲ. ತೋಪಿನ ಹಿಂದೆ ಹೆಂಗಸರು ಬಟ್ಟೆ ಒಗೆಯುವ ಕಟ್ಟೆಯಿದೆ, ಕ್ಯಾಮೆರಾ ನೆಟ್ಟರೆ ಕಂಬ ಸಮೇತ ಕಿತ್ತು ಕೆರೆಗೆ ಎಸೆಯುತ್ತೇವೆ ಎಂದು ಊರವರು ಹೇಳಿದ್ದರು. ಮಾರಗೌಡನಕಟ್ಟೆಯವರು ಹೇಳಿದರೆ ಎಸೆಯುವವರೇ.

ರಾತ್ರಿ ಮನೆಗೆ ಬಂದಾಗ ಮಾವ ಜವರಯ್ಯ ಜಗಲಿಯ ಮೇಲೆ ಕೂತು ಸಾರಿಗೆ ಅವರೆಕಾಯಿ ಸುಲಿಯುತ್ತಿದ್ದ. ಮಗ ಪುಟ್ಟಸ್ವಾಮಿ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಮೂರು ದಿನಕ್ಕೊಮ್ಮೆ ಮನೆ ಕಾಣುತ್ತಾನೆ. ಹಾಗಾಗಿ ಆ ಮನೆಯ ಒಲೆ, ಜಗಳ, ನಗು ಎಲ್ಲ ನಡೆಯುತ್ತಿದ್ದದ್ದು ಮಾವ ಸೊಸೆಯ ನಡುವೆ.

"ಮಾವ, ನಮ್ ತೋಪಿನ ದೊಡ್ ಹೊಂಗೆ ಜಿಲ್ಲೆಗೇ ಫಸ್ಟ್ ಬಂದದೆ."

ಜವರಯ್ಯ ತಲೆ ಎತ್ತಲಿಲ್ಲ. "ಯಾವುದ್ರಲ್ಲಿ? ಸಾಯದ್ರಲ್ಲಾ?"

"ಏನ್ ಮಾವ ನೀವು. ತೊಂಬತ್ತೇಳು ಬಂದದೆ. ಅಷ್ಟು ಚೆನ್ನಾಗಿ ನೀರು ಕುಡೀತಾ ಅದೆ."

"ಎಲ್ಡು ಬ್ಯಾಸ್ಗೆ ಕಣವ್ವ. ಮೂರ್ನೇ ಬ್ಯಾಸ್ಗೆ ನೋಡಕಿಲ್ಲ ಅದು." ಕಾಳನ್ನು ಪಾತ್ರೆಗೆ ಹಾಕಿ ಸಿಪ್ಪೆ ಕೊಡವಿದ. "ನಿನ್ ಡಾಬು ಸುಳ್ಳು ಬೊಗುಳ್ತಾ ಅದೆ."

ಇಂದ್ರಾಣಿಗೆ ಸಿಟ್ಟು ಬಂತು. ಆ ಕೆಲಸ ಅವಳು ಪರೀಕ್ಷೆ ಬರೆದು ಗಿಟ್ಟಿಸಿದ್ದು. ಸಾರಿಗೆ ಒಗ್ಗರಣೆ ಹಾಕುವಾಗ ಸೌಟು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿತು. ಬೆಳಗ್ಗೆ ಭಾನುವಾರ, ಅವಳು ಮುಖ ತೊಳೆಯುವ ಮೊದಲೇ ಜವರಯ್ಯ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. "ಬಾ, ನಿನ್ ಫಸ್ಟ್ ಬಂದ ಮರ ನೋಡ್ಕಂಡು ಬರನ."

ಮಾಘ ಕಳೆಯುತ್ತಿದ್ದ ದಿನಗಳು. ಅಲ್ಲೊಂದು ಇಲ್ಲೊಂದು ಹಸಿರು ಗೊಂಚಲು ಬಿಟ್ಟರೆ ತೋಪಿನ ಹೊಂಗೆಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು, ನೆಲದ ತುಂಬ ಹಳದಿ. ನಲವತ್ತೊಂದು ಮಾತ್ರ ತಲೆತುಂಬ ಹಸಿರು ಹೊತ್ತು ನಿಂತಿತ್ತು. ಇಂದ್ರಾಣಿ ಹೆಮ್ಮೆಯಿಂದ ನೋಡಿದಳು.

"ಅದ್ರಲ್ಲಿ ಒಂಗೆ ಎಲೆ ಒಂದು ತೋರ್ಸು," ಅಂದ ಜವರಯ್ಯ.

ಅವಳು ಕೊರಳು ಎತ್ತಿ ಹುಡುಕಿದಳು. ದಪ್ಪ ದಪ್ಪ ಎಲೆ, ಚರ್ಮದ ಹಾಗೆ. ಗೊಂಚಲು ಗೊಂಚಲಾಗಿ ಕೊಂಬೆಗೆ ಅಂಟಿಕೊಂಡಿವೆ. ಅಂಟಿಕೊಂಡ ಕಡೆ ಕೊಂಬೆ ಗಂಟುಗಟ್ಟಿ ಊದಿದೆ, ಗಂಟಿನ ಆಚೆ ಕೊಂಬೆ ಒಣಗಿ ಕಡ್ಡಿ. ಹೊಂಗೆಯ ಎಲೆ ಒಂದೂ ಇರಲಿಲ್ಲ. ಅಷ್ಟೂ ಬದನಿಕೆ.

ಬದನಿಕೆಗೆ ಬೇರು ಮಣ್ಣಲ್ಲಿಲ್ಲ. ಹಕ್ಕಿ ತಿಂದ ಬೀಜ ಅಂಟಾಗಿ ಕೊಂಬೆಗೆ ಕಚ್ಚಿಕೊಂಡು, ತೊಗಟೆ ಕೊರೆದು ಒಳಗೆ ಬೇರಿಳಿಸುತ್ತದೆ. ಆಮೇಲೆ ಮರ ಎಳೆದ ನೀರು ಅದಕ್ಕೆ. ಮರವಾದರೆ ಬೇಸಿಗೆಯಲ್ಲಿ ಎಲೆ ಉದುರಿಸಿ ಬಾಯಿ ಕಟ್ಟಿಕೊಂಡಿರುತ್ತದೆ. ಬದನಿಕೆಗೆ ಆ ಹಂಗಿಲ್ಲ, ಪರರ ನೀರು ತಾನೆ. ಹಿಂದೆ ವರ್ಷವರ್ಷ ಇದೇ ತಿಂಗಳಲ್ಲಿ, ಬೋಳು ಮರದಲ್ಲಿ ಹಸಿರು ಎದ್ದು ಕಾಣುವಾಗ, ಊರವರು ಉದ್ದನೆಯ ದೋಟಿಗೆ ಕುಡುಗೋಲು ಕಟ್ಟಿ ತೋಪಿಗೆ ಬರುತ್ತಿದ್ದರು. ಗಂಟಿಗಿಂತ ಒಂದು ಗೇಣು ಕೆಳಗೆ, ಒಳಬೇರು ಇಳಿದಷ್ಟೂ ಕೊಂಬೆ ಸೇರಿಸಿ ಕುಯ್ಯುತ್ತಿದ್ದರು. ಬಿದ್ದ ಸೊಪ್ಪು ಆಡುಗಳಿಗೆ. ಮರದ ತಲೆ ಬಾಚೋದು ಅನ್ನುತ್ತಿದ್ದರು ಆ ಕೆಲಸಕ್ಕೆ. ಅದರಲ್ಲಿ ಜವರಯ್ಯನದು ಪಳಗಿದ ಕೈ.

ಏಳು ವರ್ಷದಿಂದ ಯಾರೂ ಬಾಚಿರಲಿಲ್ಲ.

ಯಾಕೆಂದರೆ ಕಾಯ್ದೆ. ಹೇಳಿಬಿಡುತ್ತೇನೆ, ಆ ಕಾಯ್ದೆ ಎಲ್ಲೋ ಕೂತವರು ಬರೆದದ್ದಲ್ಲ. ಪ್ರತಿ ಊರೂ ತನ್ನ ಮರಗಳಿಗೆ ತಾನೇ ಕಲಮು ಬರೆದುಕೊಳ್ಳಬಹುದು, ಬರೆದದ್ದನ್ನು ಸರ್ಕಾರ ಕಾಯಬೇಕು, ಅಷ್ಟೇ. ಮಾರಗೌಡನಕಟ್ಟೆಯವರು ಸಭೆ ಸೇರಿದಾಗ ಅವರ ಎದೆ ಇನ್ನೂ ಉರಿಯುತ್ತಿತ್ತು. ಹಿಂದಿನ ವರ್ಷವಷ್ಟೇ ಒಬ್ಬ ಗುತ್ತಿಗೆದಾರ ಬದನಿಕೆ ತೆಗೆಸಿಕೊಡುತ್ತೇನೆ ಎಂದು ಆಳು ಇಳಿಸಿ, ಎರಡು ದಿನದಲ್ಲಿ ಹದಿನೆಂಟು ಮರಗಳನ್ನು ಬುಡಕ್ಕೇ ಕತ್ತರಿಸಿ ಲಾರಿಗೆ ತುಂಬಿದ್ದ. ಕೇಳಿದರೆ ಬದನಿಕೆ ಬುಡದವರೆಗೂ ಇಳಿದಿತ್ತು ಅಂದಿದ್ದ. ಆ ಸಿಟ್ಟಿನಲ್ಲಿ ಜವರಯ್ಯ ಎದ್ದು ನಿಂತು ಹೇಳಿದ್ದ: "ಅಸ್ರು ಅಂದ್ರೆ ಅಸ್ರು. ಮರದ ಮ್ಯಾಲೆ ಏನೇ ಬೆಳ್ದಿರ್ಲಿ, ಒಂದ್ ಎಲೆನೂ ಮುಟ್ಟಂಗಿಲ್ಲ ಅಂತ ಬರೀರಿ." ಬರೆದರು. ಅದು ಏಳನೆಯ ಕಲಮು. ಮರದ ಮೇಲೆ ಬೆಳೆದ ಸಮಸ್ತ ಹಸಿರೂ ಮರವೇ.

ಶಿಕ್ಷೆಯನ್ನೂ ಅವರೇ ಯೋಚಿಸಿದ್ದರು. ಜೈಲಲ್ಲ, ನೆರಳು ತಡೆ. ಮರಕ್ಕೆ ಕತ್ತಿ ಹಾಕಿದವನ ಮಣಿಕಟ್ಟಿಗೆ ಒಂದು ಪಟ್ಟಿ. ಡಾಬು ಕಟ್ಟಿದ ಯಾವ ಮರದಿಂದಲೂ ನೂರು ಅಡಿ ಒಳಗೆ ಬಂದರೆ ಅದು ಕಿರುಚುತ್ತದೆ, ಕಿರುಚಿದಷ್ಟು ಸಲ ಶಿಕ್ಷೆ ಒಂದೊಂದು ವಾರ ಬೆಳೆಯುತ್ತದೆ. ಅವಧಿ ಒಂದು ವರ್ಷ. ಮೊದಲು ಸಿಕ್ಕಿಬಿದ್ದವನು ಅದೇ ಗುತ್ತಿಗೆದಾರನ ಆಳು. ಏಪ್ರಿಲ್ ತಿಂಗಳಲ್ಲಿ ಇಪ್ಪತ್ತು ದಿನ ತಡೆದು ಊರೇ ಬಿಟ್ಟುಹೋದ. ಊರು ಚಪ್ಪಾಳೆ ತಟ್ಟಿತ್ತು.

"ಅರ್ಜಿ ಕೊಡಾನ ಮಾವ," ಅಂದಳು ಇಂದ್ರಾಣಿ, ಇನ್ನೂ ಮರ ನೋಡುತ್ತ.

"ಕೊಟ್ಟಿದ್ದೀನಿ. ಮೂರು ಸತಿ. ಮರದ ಅಂಕ ಚೆನ್ನಾಗಿದೆ, ಕ್ರಮ ಬೇಕಾಗಿಲ್ಲ ಅಂತ ಬಂತು." ಅವನು ಹೊಂಗೆಯ ಬುಡಕ್ಕೆ ಹೋಗಿ ಡಾಬಿನ ಪಕ್ಕ ಅಂಗೈ ಇಟ್ಟು ನಿಂತ. ಎಮ್ಮೆಗೆ ಹುಷಾರಿಲ್ಲದಾಗ ಅವನು ಹಾಗೇ ಕೈ ಇಟ್ಟು ನಿಲ್ಲುವುದನ್ನು ಅವಳು ನೋಡಿದ್ದಳು.

ಮಂಗಳವಾರ ಕೇಂದ್ರಕ್ಕೆ ಡಾ. ವಿನ್ಸೆಂಟ್ ಕ್ರಾಸ್ತಾ ಬಂದರು. ಮಂಗಳೂರು ಕಡೆಯವರು, ಡಾಬು ಕಂಡುಹಿಡಿದವರಲ್ಲಿ ಒಬ್ಬರು. ವಾರಕ್ಕೊಮ್ಮೆ ಬಂದು ಯಂತ್ರ ನೋಡಿ ಎರಡು ಲೋಟ ಚಹಾ ಕುಡಿದು ಹೋಗುವರು. ಇಂದ್ರಾಣಿ ತೋಪಿನ ಹೊಂಗೆಗಳ ವಾರದ ಗೆರೆಗಳನ್ನೆಲ್ಲ ಒಂದೇ ಪರದೆಯ ಮೇಲೆ ಹಾಕಿದಳು. ಎಲೆ ಉದುರಿದ ಮರಗಳ ಗೆರೆ ನೆಲಕ್ಕೆ ಅಂಟಿ ಮಲಗಿತ್ತು. ನಲವತ್ತೊಂದರ ಗೆರೆ ನಡುಮಧ್ಯಾಹ್ನವೂ ಗುಡ್ಡದ ಹಾಗೆ ಎದ್ದಿತ್ತು.

"ಸರ್, ಇದೂ ಎಲೆ ಉದುರಿಸಿದೆ. ನಾನೇ ನೋಡಿ ಬಂದೆ. ಎಲೆ ಇಲ್ಲದ ಮರ ಯಾವ ಬಾಯಲ್ಲಿ ಕುಡೀತಾ ಇದೆ?"

ಕ್ರಾಸ್ತಾ ಚಹಾ ಲೋಟ ಕೆಳಗಿಟ್ಟರು. ಅವಳು ತೆಗೆದ ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದರು.

"ಹನ್ನೆರಡು ವರ್ಷ ಇದರ ಹಿಂದೆ ಬಿದ್ದಿದ್ದೇನೆ ಮಾರಾಯ್ರೆ," ಅಂದರು ಕೊನೆಗೆ. "ಎಷ್ಟು ಕುಡೀತದೆ ಅಂತ ನೋಡಿದ್ದೇ ನೋಡಿದ್ದು. ಕುಡಿಯುವುದು ಯಾರು ಅಂತ ಕೇಳ್ಲೇ ಇಲ್ಲ ನೋಡಿ."

"ಹಾಗಾದ್ರೆ ಬದನಿಕೆ ತೆಗೆಯೋಕೆ ಬಿಡಿ ಸರ್."

"ನಾನು ಬಿಟ್ಟರೆ ಆಗುವುದಿಲ್ಲ. ಕಲಮು ನಿಮ್ಮ ಊರಿನದ್ದು, ಯಂತ್ರಕ್ಕೆ ಅದೇ ಬೈಬಲ್. ಒಮ್ಮೆ ಬರೆದದ್ದನ್ನು ತಿದ್ದುವುದಿದ್ದರೆ ಊರವರೂ ಸರ್ಕಾರದ ಮಂಡಳಿಗೆ ಆಧಾರ ಕೊಡಬೇಕು. ಬದನಿಕೆ ತೆಗೆದ ಮರದ ಗೆರೆ, ತೆಗೆಯದ ಮರದ ಗೆರೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಬೇಕು."

"ತೆಗೆದ ಮರ ಎಲ್ಲಿಂದ ತರೋದು ಸರ್? ತೆಗೆದ್ರೆ ಅಪರಾಧ."

"ಅದೇ ಗಂಟು ಉಂಟು ಇಲ್ಲಿ," ಅಂದರು ಕ್ರಾಸ್ತಾ. ಎರಡನೆಯ ಲೋಟ ಚಹಾ ಅಂದು ಆರಿಹೋಯಿತು.

ಸಮಾಧಾನವಾಗಲಿ ಎಂದು ಇಂದ್ರಾಣಿ ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ಹೇಳಿದಳು. ಹೇಳಬಾರದಿತ್ತು. ಜವರಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಮರಕ್ಕೆ ಏಟು ಬಿದ್ರೆ ಆ ಕೇಂದ್ರದಾಗೆ ಎಲ್ಲಾ ಬರ್ಕತದಾ?"

"ಬರ್ಕತ್ತೆ. ಯಾವ ಹೊತ್ತು, ಎಷ್ಟು ಏಟು, ಆಮೇಲೆ ಮರ ಹೆಂಗಾಯ್ತು, ಎಲ್ಲಾ."

"ಯಾರು ಹೊಡ್ದೋರು ಅಂತ?"

"ಅದು ಮಾತ್ರ ನಾವು ಬರೀಬೇಕು. ಬೆಳಗಿನ ಪಾಳಿಯೋನು ಯೋಚ್ನೆನೇ ಮಾಡಲ್ಲ, ಎಲ್ಲಾದಕ್ಕೂ ಕೋತಿ ಅಂತ ಬರ್ದಾಕ್ತಾನೆ."

ಜವರಯ್ಯ ನಕ್ಕ. "ನಿಂದು ಯಾವಾಗವ್ವ ಪಾಳಿ?"

"ಮಧ್ಯಾಹ್ನದ ಮೇಲೆ. ಯಾಕೆ?" ಕೇಳುವಾಗಲೇ ಅವಳ ಕೈ ತಟ್ಟೆಯಲ್ಲಿ ನಿಂತಿತು. "ಮಾವ, ಕುಡುಗೋಲು ಮುಟ್ಟಬ್ಯಾಡಿ. ನಂಗೆ ಮಾತು ಕೊಡಿ."

"ಸಾರು ತಣ್ಗಾಯ್ತದೆ, ಉಣ್ಣು."

ಶುಕ್ರವಾರ ಎರಡೂವರೆಗೆ ಪರದೆ ಟಿಣ್ ಎಂದಿತು. ನಲವತ್ತೊಂದು. ಮೊಳೆಯಂಥ ಒಂದು ಗೆರೆ. ಅದು ಇಳಿಯುವ ಮೊದಲೇ ಇನ್ನೊಂದು. ಆತುರವಿಲ್ಲದ ಏಟುಗಳು, ಒಂದೊಂದರ ನಡುವೆ ನೋಡಿ ಲೆಕ್ಕ ಹಾಕುವಷ್ಟು ಬಿಡುವು. ಗಾಳಿ ಹಾಗೆ ಹೊಡೆಯುವುದಿಲ್ಲ, ಕೋತಿ ಮೊದಲೇ ಇಲ್ಲ. ಯಾರೆಂದು ಇಂದ್ರಾಣಿಗೆ ಎರಡನೆಯ ಏಟಿಗೇ ಗೊತ್ತಾಯಿತು.

ಹದಿನೈದು ನಿಮಿಷದೊಳಗೆ ಕಾರಣ ಒತ್ತಬೇಕು. ಪರದೆಯ ಕೆಳಗೆ ನಾಲ್ಕು ಗುಂಡಿ: ಗಾಳಿ, ಸಿಡಿಲು, ಪ್ರಾಣಿ, ಮನುಷ್ಯ. ಮನುಷ್ಯ ಎಂದರೆ ಹೆಸರು ಬರೆಯಬೇಕು. ಬರೆದರೆ ವರ್ಷ ತುಂಬ ಅವನಿಗೆ ನೆರಳಿಲ್ಲ. ಅರವತ್ತಾರು ವರ್ಷದ ಮುದುಕ, ಎದುರಿಗೆ ಬೇಸಿಗೆ. ಮನೆಯಂಗಳದ ಬೇವಿಗೂ ಡಾಬು ಇದೆ, ಅಂದರೆ ಮನೆಯೂ ಇಲ್ಲ. ಅವಳ ಬೆರಳು ಗಾಳಿಯ ಮೇಲೆ ಹೋಗಿ ನಿಂತಿತು. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಫೋನ್ ಬಡಿದುಕೊಂಡಿತು. ಮಾವ.

"ಯಾವ ಗುಂಡಿ ಮ್ಯಾಲೆ ಬೆಳ್ಳು ಮಡಗಿದ್ದೀಯ?" ಏದುಸಿರು ಬಿಡುತ್ತಿದ್ದ.

"ಮೊದ್ಲು ಮರ ಇಳೀರಿ ಮಾವ."

"ಇಳೀತೀನಿ, ಇನ್ನೆಲ್ಡು ಗಂಟು ಅದೆ. ನೀನು ಗಾಳಿ ಅಂತ ಒತ್ತೀಯ ಅಂತ್ಲೇ ಫೋನ್ ಮಾಡ್ದೆ. ಅಂಗೇನಾರ ಒತ್ತುದ್ರೆ ನಾನ್ ಮರ ಅತ್ತಿದ್ದೇ ದಂಡ. ಗಾಳಿಗೆ ಮುರೀತು ಅಂತ ಬರ್ಕಂಡು ಮರ್ತೋಯ್ತಾರೆ. ನನ್ನೆಸ್ರು ಬರಿ. ಬದನಿಕೆ ಕುಯ್ದ, ಗಂಟಿಂದ ಗೇಣು ಕೆಳಕ್ಕೆ ಕುಯ್ದ, ಇಷ್ಟು ಕಡೆ ಕುಯ್ದ ಅಂತ ಸರ್ಯಾಗಿ ಬರಿ."

"ನೆರಳು ತಡೆ ಹಾಕ್ತಾರೆ."

"ಗೊತ್ತು ಕಣವ್ವ. ಅದು ಬೇಕು ಅಂತ ಕೈ ಎತ್ತಿದೋನು ನಾನೇ."

"ನನ್ ಕೈಲಾಗಕಿಲ್ಲ ಮಾವ."

ಆ ಕಡೆ ಕುಡುಗೋಲನ್ನು ಕೊಂಬೆಗೆ ಸಿಕ್ಕಿಸಿದ ಸದ್ದಾಯಿತು. ಆಮೇಲೆ ಬಂದ ದನಿ ಮೆತ್ತಗಿತ್ತು. "ಏಳ್ನೇ ಕಲಮು ನನ್ ಬಾಯಿಂದ ಬಂದಿದ್ದು. ಸಿಟ್ನಲ್ಲಿ ಆಡ್ಬುಟ್ಟೆ. ಅದ್ಕೆ ಈ ಮರ ಸಾಯ್ತಾ ಅದೆ, ನಾನ್ ನೋಡ್ಕಂಡು ಕೂತಿದ್ದೀನಿ. ತಿದ್ದೋ ಕೆಲ್ಸ ನನ್ ಸೊಸೆ ಕೈಲೇ ಆಗ್ಲಿ ಅಂತ ನಿನ್ ಪಾಳಿ ಕಾದೆ. ಬೆಳಗ್ಗೆ ಅತ್ತಿದ್ರೆ ಅವ್ನು ನನ್ನ ಕೋತಿ ಮಾಡ್ಬುಡೋನು."

ಇಂದ್ರಾಣಿಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ಅವನಿಗೂ ಅದು ಕೇಳಿಸಿರಬೇಕು. "ಬರ್ಕ. ಮಡಗ್ತೀನಿ, ಒಂದು ಕೈಲಿ ಮರ ಇಡ್ಕಂಡಿವ್ನಿ," ಅಂದ.

ಮನುಷ್ಯ ಎಂಬ ಗುಂಡಿ ಒತ್ತಿದಳು. ಜವರಯ್ಯ ಬಿನ್ ಸಿದ್ದೇಗೌಡ ಎಂದು ಬರೆದಳು. ಸಂಬಂಧ ಎಂಬ ಖಾನೆ ಅಲ್ಲಿರಲಿಲ್ಲ, ಆದರೂ ಷರಾದಲ್ಲಿ ಬರೆಯುವವಳ ಮಾವ ಎಂದು ಸೇರಿಸಿದಳು. ಉಳಿದೆರಡೂ ಸೇರಿ ಇಪ್ಪತ್ಮೂರು ಏಟು, ಇಪ್ಪತ್ಮೂರು ಗಂಟು. ಅವಳ ಕಣ್ಣೆದುರೇ ಜಿಲ್ಲೆಯ ಮೊದಲನೆಯ ಮರ ತೊಂಬತ್ತೇಳರಿಂದ ಮೂವತ್ತೊಂದಕ್ಕೆ ಕುಸಿಯಿತು.

ಮೂರನೆಯ ದಿನ ಜವರಯ್ಯನ ಮಣಿಕಟ್ಟಿಗೆ ಪಟ್ಟಿ ಬಂತು. ಅಂಗಳದ ಬೇವಿನ ಹತ್ತಿರವೇ ಕಟ್ಟಿದ್ದರಿಂದ ಕಟ್ಟಿದ ಗಳಿಗೆಗೇ ಕಿರುಚಿಕೊಂಡಿತು. ಬಂದವರೇ ಗಾಬರಿಯಾಗಿ ಆ ಒಂದು ಕಿರುಚಾಟವನ್ನು ಲೆಕ್ಕದಿಂದ ಕೈಬಿಟ್ಟರು. ಜವರಯ್ಯ ಹೊದಿಕೆ, ಚೊಂಬು, ಹಗ್ಗದ ಮಂಚ ಹೊತ್ತು ತೋಪಿನ ಮೂಡಲಿಗಿದ್ದ ಬಯಲು ಕಣಕ್ಕೆ ಹೋದ. ರಾಗಿ ಬಡಿಯುವ ಕಣ, ಸುತ್ತ ಒಂದು ಗಿಡವಿಲ್ಲ. ಅಲ್ಲಿದ್ದ ತಗಡಿನ ಗೂಡು ಮಧ್ಯಾಹ್ನಕ್ಕೆ ಕಾದ ಹಂಚಾಗುತ್ತಿತ್ತು. ಇಂದ್ರಾಣಿ ತಗಡಿನ ಮೇಲೆ ಹುಲ್ಲು ಹೊದಿಸಿದಳು, ಹುಲ್ಲಿನ ಮೇಲೆ ಒದ್ದೆ ಗೋಣಿ ಹಾಸಿದಳು, ಕೆಲಸಕ್ಕೆ ಹೋಗುವ ಮುಂಚೆ ಎರಡು ಕೊಡ ನೀರು ಇಟ್ಟು ಹೋಗುತ್ತಿದ್ದಳು. ಪಾಳಿ ಮುಗಿದು ಊರಿಗೆ ಬರುವಾಗ ಎಂಟಾಗುತ್ತಿತ್ತು. ನಲ್ಲಿ ಹತ್ತಿರ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮಾವನನ್ನೇ ಬರ್ಕೊಟ್ಟೋಳು ಅನ್ನುವುದು ಬೆನ್ನಿಗೆ ಕೇಳುತ್ತಿತ್ತು. ಪುಟ್ಟಸ್ವಾಮಿ ಟ್ಯಾಂಕರ್ ನಿಲ್ಲಿಸಿ ಬಂದವನು ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಪ್ಪನನ್ನು ನೋಡಲು ಕಣಕ್ಕೆ ಹೋದ; ಬೈಸಿಕೊಂಡು ಬಂದು, ಒಲೆಯ ಮುಂದೆ ಕೂತು, ತಾನೇ ಮಾತಾಡಿಸಿದ.

ಡಾಬು ತನ್ನ ಪಾಡಿಗೆ ಬರೆಯುತ್ತ ಹೋಯಿತು. ಎರಡು ವಾರ ನಲವತ್ತೊಂದರ ಗೆರೆ ಮೇಲೇಳಲಿಲ್ಲ. ಅವಳು ರಾತ್ರಿ ಊಟ ಒಯ್ದಾಗ ಜವರಯ್ಯ ಅವಳ ಮುಖ ನೋಡಿ ತಟ್ಟೆ ಎಳೆದುಕೊಳ್ಳುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಗೆರೆ ತುಸು ಏರಿ, ಮಧ್ಯಾಹ್ನ ಇಳಿದು, ಸಂಜೆ ಮತ್ತೆ ಏರಿತು.

"ಮಧ್ಯಾಹ್ನ ಇಳೀತಾ?" ಅಂದ ಜವರಯ್ಯ ಅವಳು ಹೇಳಿದಾಗ.

"ಹನ್ನೆರಡಕ್ಕೆ ಇಳೀತು. ಮೂರೂವರೆಗೆ ಎದ್ಕತು."

"ಬಿಸ್ಲಿಗೆ ಬಾಯಿ ಮುಚ್ಕಂಡದೆ. ಅದು ಒಂಗೆನೇ ಕುಡ್ದಿರದು." ಅವತ್ತು ಇನ್ನೊಂದು ಮುದ್ದೆ ಕೇಳಿ ಉಂಡ.

ಮೇ ತಿಂಗಳ ಕೊನೆಗೆ ಅಂಕ ಅರವತ್ತನಾಲ್ಕಕ್ಕೆ ಬಂತು. ಮರ ಎಳೆ ಎಲೆ ಹೊತ್ತು ತಾನೇ ಹೊಳೆಯುತ್ತಿತ್ತು. ಅದರ ಪಕ್ಕದ ಮೂವತ್ತೆಂಟನೆಯ ಹೊಂಗೆ, ಬದನಿಕೆ ಹತ್ತಿಯೂ ಯಾರೂ ಬಾಚದ್ದು, ಎಂಬತ್ತೊಂಬತ್ತು ಅಂಕ ಇಟ್ಟುಕೊಂಡೇ ಅರ್ಧ ಒಣಗಿತು. ಎರಡು ಗೆರೆಗಳನ್ನೂ ಕ್ರಾಸ್ತಾ ಮಂಡಳಿಯ ಮುಂದೆ ಪಕ್ಕ ಪಕ್ಕ ಇಟ್ಟರು.

ಆದೇಶ ಬಂದ ದಿನ ಅವರೇ ಇಂದ್ರಾಣಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಪಾಳಿ ಮುಗಿಯುವ ಮೊದಲೇ ಕಣಕ್ಕೆ ಬಂದರು. ನಾಲ್ಕೂಮುಕ್ಕಾಲು. ಜವರಯ್ಯ ಗೂಡಿನಲ್ಲಿರಲಿಲ್ಲ. ಕಣದ ಪಡುವಲ ಅಂಚಿನಲ್ಲಿ, ಬಿಸಿಲಲ್ಲಿ, ಮಂಚ ಹಾಕಿಕೊಂಡು ತಲೆಗೆ ಟವಲ್ ಸುತ್ತಿ ಕೂತಿದ್ದ.

"ಜವರಯ್ಯನವರೇ, ಏಳನೇ ಕಲಮು ತಿದ್ದಿದರು. ಬದನಿಕೆ ಮರ ಅಲ್ಲ ಅಂತ ಆಯ್ತು. ಊರವರೇ ವರ್ಷಕ್ಕೊಮ್ಮೆ ತೆಗೆಯಬಹುದು."

"ಈಗಲಾರ ಗೊತ್ತಾಯ್ತಲ್ಲ ನಿಮ್ಗೆ."

"ನಮಗೂ ನಿಮಗೂ," ಅಂದರು ಕ್ರಾಸ್ತಾ.

ಜವರಯ್ಯ ಅವರನ್ನು ನೋಡಿ ಮೀಸೆಯಡಿ ನಕ್ಕ. "ಊಂ. ನಮ್ಗೂವೆ."

ಕ್ರಾಸ್ತಾ ಇನ್ನೊಂದು ಕಾಗದ ತೆಗೆದರು. ಶಿಕ್ಷೆ ಮಾಫಿಗೆ ಶಿಫಾರಸು; ಒಂದು ರುಜು ಹಾಕಿದರೆ ನಾಳೆಯೇ ಪಟ್ಟಿ ಬಿಚ್ಚುತ್ತಾರೆ. ಜವರಯ್ಯ ಅದನ್ನು ಪೂರ್ತಿ ಓದಿದ, ಮಡಚಿದ, ವಾಪಸ್ ಕೊಟ್ಟ.

"ಕಲಮು ತಿದ್ದೋಕ್ ಮುಂಚೆ ನಾನು ಕುಡ್ಲು ಆಕಿದ್ದು ದಿಟ ಅಲ್ವಾ ಸ್ವಾಮಿ? ನಂಗೊಬ್ನಿಗೆ ಬುಟ್ರೆ ನಾಳೆ ಆ ಲಾರಿಯೋನು ಬಂದು ನಾನೂ ಒಳ್ಳೇದುಕ್ಕೇ ಕುಯ್ದೆ ಅಂತಾನೆ. ಅವನ್ಗೂ ಬುಡ್ತೀರಾ?"

"ಎಂತ ಜನ ಮಾರಾಯ್ರೆ ನೀವು," ಅಂದರು ಕ್ರಾಸ್ತಾ. ಸಿಟ್ಟಿರಲಿಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು ಜೀಪಿನ ಕಡೆ ನಡೆದರು.

ಸಿಟ್ಟು ಬಂದದ್ದು ಇಂದ್ರಾಣಿಗೆ. "ಇನ್ನೂ ಒಂಬತ್ತು ತಿಂಗ್ಳು ಮಾವ. ಈ ಬಿಸಿಲಲ್ಲಿ. ಗೂಡಲ್ಲಾದ್ರೂ ಇರಬಾರ್ದಾ, ಇಲ್ಲಿ ಬಂದು ಒಣಗ್ತಾ ಕೂತಿದ್ದೀರಲ್ಲ, ಯಾಕೆ?"

"ಒಸಿ ತಡಿ."

ಅವಳು ನಿಂತೇ ಇದ್ದಳು. ಮಂಚದ ಕಾಲಿನ ಪಕ್ಕ ನೆಲದ ಮೇಲೆ ಸಾಲಾಗಿ ಕುಳಿಗಳು ಕಂಡವು. ಹಿಂದಿನ ದಿನಗಳಲ್ಲಿ ಅದೇ ಕಾಲುಗಳು ಊರಿದ್ದ ಗುರುತು. ಸೂರ್ಯ ಬಡಗಲಿಗೆ ಸರಿದಂತೆ ಮಂಚ ಗೇಣು ಗೇಣಾಗಿ ತೆಂಕಲಿಗೆ ಸರಿದಿತ್ತು. ತಲೆ ಎತ್ತಿದಳು. ನೇರ ಪಡುವಲಿಗೆ, ನೂರಡಿಗಿಂತ ನಾಲ್ಕು ಹೆಜ್ಜೆ ಆಚೆ, ದೊಡ್ಡ ಹೊಂಗೆ ಬೆಳಕಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ನೆರಳು ಕಣದ ಬದು ದಾಟಿ, ಗೊಬ್ಬರದ ಗುಡ್ಡೆ ಹತ್ತಿ ಇಳಿದು, ನೆಲದ ಮೇಲೆ ನಿಧಾನಕ್ಕೆ ಬರುತ್ತಿತ್ತು. ಮೊದಲು ಜವರಯ್ಯನ ಹೆಬ್ಬೆರಳಿಗೆ ತಾಕಿತು. ಆಮೇಲೆ ಪಾದ, ಮೊಣಕಾಲು, ಪಟ್ಟಿ ಕಟ್ಟಿದ ಕೈ.

ಪಟ್ಟಿ ಸದ್ದು ಮಾಡಲಿಲ್ಲ.

ಜವರಯ್ಯ ತಲೆಯ ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಮಂಚದ ತುದಿಗೆ ಸರಿದು ಜಾಗ ಮಾಡಿದ.

"ಕೂತ್ಕ ಬಾ ಮಗ. ಇನ್ನೂ ಒಂದೂವರೆ ಗಂಟೆ ಇರ್ತದೆ."